ಬೇಸಿಗೆ ಬಟ್ಟೆ ತೆಗೆಯುವ ಮುಂಚೆ ಸ್ವೆಟರ್ ಒಗೆಯಿರಿ

ನನ್ನದು ಬಟ್ಟೆ ರಿಪೇರಿ ಕೆಲಸ. ಕಿತ್ತುಹೋದ ಜಿಪ್, ಬಿಟ್ಟ ಹೊಲಿಗೆ, ಸಡಿಲಾದ ಎಲಾಸ್ಟಿಕ್, ಎಲ್ಲವೂ ಬರುತ್ತದೆ. ಚಳಿ ಶುರುವಾದರೆ ತೂತು ಬಿದ್ದ ಸ್ವೆಟರ್‌ಗಳದೇ ರಾಶಿ. ತೂತು ಹೆಚ್ಚಾಗಿ ಎಲ್ಲಿರುತ್ತದೆ ಗೊತ್ತಾ? ಕಂಕುಳಲ್ಲಿ, ಕಾಲರ್ ಒಳಬದಿಯಲ್ಲಿ, ಎದೆಯ ಮೇಲೆ ಏನಾದರೂ ಚೆಲ್ಲಿಕೊಂಡ ಜಾಗದಲ್ಲಿ. ಕೊಳೆ ಇದ್ದ ಕಡೆಯೇ ಹುಳು ತಿಂದಿರುತ್ತದೆ. ಸೆಕೆ ಬಂತು ಅಂತ ಒಗೆಯದೆ ಎತ್ತಿಟ್ಟಿದ್ದರ ಫಲ ಅದು. ಅದಕ್ಕೇ ಬೇಸಿಗೆ ಬಟ್ಟೆ ಹೊರಗೆ ತೆಗೆಯುವುದಕ್ಕಿಂತ ಬೆಚ್ಚನೆ ಬಟ್ಟೆ ಒಳಗಿಡುವುದರ ಬಗ್ಗೆ ನಾನು ಜಾಸ್ತಿ ಹೇಳುತ್ತೇನೆ.

ಹಾರಾಡುವ ಬಟ್ಟೆ ಪತಂಗ ಏನೂ ತಿನ್ನುವುದಿಲ್ಲ, ಮೊಟ್ಟೆ ಇಡುತ್ತದೆ ಅಷ್ಟೇ. ತಿನ್ನುವುದು ಅದರ ಮರಿಹುಳು. ಉಣ್ಣೆ, ಗರಿ, ತುಪ್ಪಳದಲ್ಲಿರುವ ಕೆರಾಟಿನ್ ಅನ್ನೋ ಪ್ರೋಟೀನ್ ಅದಕ್ಕೆ ಊಟ. ಜೊತೆಗೆ ಬೆವರು, ಮೈಯ ಜಿಡ್ಡು ಇದ್ದರೆ ಇನ್ನೂ ಒಳ್ಳೆಯದಾಯಿತು ಅದಕ್ಕೆ. ಹಾಗಾಗಿ ಒಂದೆರಡು ಸಲ ಹಾಕಿದ ಸ್ವೆಟರ್ ಆದರೂ ಸರಿ, ಒಗೆದೇ ಎತ್ತಿಡಿ. ಈಗ ಕಣ್ಣಿಗೆ ಕಾಣದ ಶರಬತ್ತಿನ ಕಲೆ ಕೂಡ ತಿಂಗಳುಗಟ್ಟಲೆ ಒಳಗಿದ್ದರೆ ಹಳದಿಯಾಗಿ ಕೂತುಬಿಡುತ್ತದೆ.

ಉಣ್ಣೆಗೆ ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರು ಸಾಕು. ಉಣ್ಣೆಗೆಂದೇ ಸಿಗುವ ಲಿಕ್ವಿಡ್ ಸ್ವಲ್ಪ ಹಾಕಿ. ತಿಕ್ಕಬೇಡಿ, ತಿರುಚಿ ಹಿಂಡಬೇಡಿ. ದಪ್ಪ ಟವೆಲ್‌ನಲ್ಲಿ ಸುತ್ತಿ ಒತ್ತಿದರೆ ನೀರು ಹೋಗುತ್ತದೆ. ಆಮೇಲೆ ನೆರಳಲ್ಲಿ ಹಾಸಿ ಒಣಗಿಸಿ. ತಂತಿ ಮೇಲೆ ನೇತುಹಾಕಿದರೆ ನೀರಿನ ಭಾರಕ್ಕೆ ಜಗ್ಗಿ ಉದ್ದವಾಗುತ್ತದೆ. ಒಣಗಿತು ಅನಿಸಿದ ಮೇಲೂ ಇನ್ನೊಂದು ದಿನ ಬಿಡಿ. ಉಣ್ಣೆ ತನ್ನ ತೂಕದ ಸುಮಾರು 30% ತೇವ ಹೀರಿಕೊಂಡಿದ್ದರೂ ಕೈಗೆ ಒದ್ದೆ ಅನಿಸುವುದೇ ಇಲ್ಲ. ಆ ತೇವವೇ ಪೆಟ್ಟಿಗೆಯೊಳಗೆ ಬೂಷ್ಟು ಹಿಡಿಸುತ್ತದೆ.

ಸ್ವೆಟರ್ ಮಡಚಿಡಿ, ಕೋಟನ್ನು ಅಗಲ ಭುಜದ ಹ್ಯಾಂಗರ್‌ಗೆ ಹಾಕಿ. ಡ್ರೈಕ್ಲೀನಿಂಗ್‌ನಿಂದ ಬಂದ ತೆಳು ಪ್ಲಾಸ್ಟಿಕ್ ಕವರ್ ತೆಗೆದುಬಿಡಿ. ಹತ್ತಿ ಬಟ್ಟೆಗೆ ಗಂಜಿ ಹಾಕಿ ಎತ್ತಿಡಬೇಡಿ, ಗಂಜಿಯ ಆಸೆಗೆ ಸಿಲ್ವರ್‌ಫಿಶ್ ಹುಳು ಬರುತ್ತದೆ.

ನುಸಿಗುಳಿಗೆ ಬಗ್ಗೆ ಒಂದು ಮಾತು. ನಾಫ್ತಲೀನ್ ಗುಳಿಗೆಯನ್ನು ಮಕ್ಕಳ ಬಟ್ಟೆಯ ಜೊತೆ ದಯವಿಟ್ಟು ಇಡಬೇಡಿ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಒಂದು ಕಿಣ್ವದ ಕೊರತೆ ಇರುತ್ತದೆ. ಅಂಥವರಲ್ಲಿ ನಾಫ್ತಲೀನ್ ರಕ್ತದ ಕೆಂಪು ಕಣಗಳನ್ನು ಒಡೆಯಬಲ್ಲದು. ಚೆನ್ನಾಗಿ ಒಗೆದು, ಪೂರ್ತಿ ಒಣಗಿಸಿ, ಬಿಗಿ ಮುಚ್ಚಳದ ಪೆಟ್ಟಿಗೆಯಲ್ಲಿಟ್ಟರೆ ಗುಳಿಗೆಯ ಅಗತ್ಯವೇ ಬರುವುದಿಲ್ಲ. ಹುಳು ಇದೆ ಅನ್ನುವ ಅನುಮಾನ ಇದ್ದರೆ ಬಟ್ಟೆಯನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಬಿಗಿಯಾಗಿ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಕೂಡಲೇ ಕವರ್ ಬಿಚ್ಚಬೇಡಿ. ತಣ್ಣಗಿರುವ ಬಟ್ಟೆಗೆ ಗಾಳಿಯ ತೇವ ಕೂರುತ್ತದೆ.

ಎಲ್ಲವನ್ನೂ ಒಂದೇ ಭಾನುವಾರ ಒಳಗೆ ತಳ್ಳುವುದು ಬೇಡ. ಮೊದಲು ದಪ್ಪ ಕೋಟು ಹೋಗಲಿ, ಆಮೇಲೆ ಸ್ವೆಟರ್. ಸೆಕೆಗೆ ಮೈ ಒಗ್ಗಿಕೊಳ್ಳಲು ಒಂದೆರಡು ವಾರ ಬೇಕು. ಬೆಳಿಗ್ಗೆ ಚಳಿ, ಮಧ್ಯಾಹ್ನ ಬಿಸಿಲು ಇರುವ ದಿನಗಳಲ್ಲಿ ತೆಳು ಅಂಗಿಯ ಮೇಲೆ ಗುಂಡಿ ಬಿಚ್ಚಿ ತೆಗೆಯುವಂಥ ಇನ್ನೊಂದು ತೆಳು ಅಂಗಿ ಇದ್ದರೆ ಸುಖ.

ಇನ್ನು ಬೇಸಿಗೆ ಬಟ್ಟೆ. ಹೊರಗೆ ತೆಗೆದು ಕೊಡವಿ, ಒಂದು ದಿನ ಗಾಳಿಗೆ ಹಾಕಿ, ಪ್ರತಿಯೊಂದನ್ನೂ ಹಾಕಿ ನೋಡಿ. ಕೈ ಮೇಲೆತ್ತಿ, ಕೂತು, ಬಗ್ಗಿ ನೋಡಿ. ಎಲ್ಲಾದರೂ ಹಿಡಿಯುತ್ತಾ? ಬೇಸಿಗೆಗೆ ಸಡಿಲವೇ ಸರಿ, ಮೈಗೂ ಬಟ್ಟೆಗೂ ನಡುವೆ ಗಾಳಿ ಆಡಬೇಕು. ಬಿಳಿ ಅಂಗಿಯ ಕಂಕುಳು ಹಳದಿಯಾಗಿದ್ದರೆ ಕ್ಲೋರಿನ್ ಬ್ಲೀಚ್ ಹಾಕಬೇಡಿ, ಹಳದಿ ಇನ್ನೂ ಜಾಸ್ತಿಯಾಗಬಹುದು. ಹತ್ತಿಯದಾದರೆ ಆಕ್ಸಿಜನ್ ಬ್ಲೀಚ್ ಪುಡಿ ಕದಡಿದ ಬಿಸಿ ನೀರಿನಲ್ಲಿ ನೆನೆಸಿ ಒಗೆಯಿರಿ.

ಬಟ್ಟೆಯನ್ನು ಬೆಳಕಿಗೆ ಹಿಡಿದೂ ನೋಡಿ. ತೆಳು ಬಿಳಿ ಹತ್ತಿ ಟೀ ಶರ್ಟ್‌ಗೆ ಬಿಸಿಲು ತಡೆಯುವ ಶಕ್ತಿ ಕಡಿಮೆ, ಒದ್ದೆಯಾದರೆ ಇನ್ನೂ ಕಡಿಮೆ. ತುಂಬಾ ಹೊತ್ತು ಬಿಸಿಲಲ್ಲಿರುವ ದಿನಕ್ಕೆ ಒತ್ತು ನೇಯ್ಗೆಯ, ಸಡಿಲವಾದ ತುಂಬುತೋಳಿನ ಅಂಗಿ ಒಂದನ್ನು ಬೇರೆ ಎತ್ತಿಡಿ.

ಬಿಗಿಯಾದ ಅಂಗಿಯ ಒಳಬದಿ ತಿರುಗಿಸಿ ನೋಡಿ. ಹೊಲಿಗೆಯ ಪಕ್ಕ ಬಟ್ಟೆ ಬಿಟ್ಟಿದ್ದರೆ ಹೊಲಿಗೆ ಬಿಚ್ಚಿ ಸಡಿಲ ಮಾಡಬಹುದು, ಸುಮ್ನೆ ಬಿಸಾಡಬೇಡಿ. ಕೋಟಿನ ಕೆಟ್ಟ ಜಿಪ್, ಹರಿದ ಲೈನಿಂಗ್, ಸ್ವೆಟರ್‌ನ ಸಣ್ಣ ತೂತು ಇದ್ದರೆ ಅದನ್ನೂ ಈಗಲೇ ಒಗೆದು ರಿಪೇರಿಗೆ ಕೊಡಿ. ಈ ದಿನಗಳಲ್ಲಿ ನಮ್ಮಂಥವರ ಹತ್ತಿರ ಚಳಿ ಬಟ್ಟೆಯ ಕೆಲಸ ಕಡಿಮೆ. ಬಣ್ಣಕ್ಕೆ ಹೊಂದುವ ನೂಲು ನಿಧಾನವಾಗಿ ಹುಡುಕಿ ತೂತು ಕಾಣದ ಹಾಗೆ ಹೆಣೆದು ಕೊಡಲು ಆಗುತ್ತದೆ.