ಪಶ್ಚಿಮದ ಗೋಡೆಗೆ ಮರದ ಹೊದಿಕೆ: ಯಾವ ಮರ ಹಿಡಿದೆ, ಯಾವುದು ಬಿಟ್ಟೆ

ಮೂಡಿಗೆರೆ, ಕೊಟ್ಟಿಗೆಹಾರದ ಕಡೆ ಮನೆ ಕಟ್ಟುವವರಿಗೆ ಪಶ್ಚಿಮದ ಗೋಡೆಯೇ ತಲೆನೋವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಮಳೆಯನ್ನು ಅಡ್ಡಡ್ಡ ಬಾರಿಸುತ್ತದೆ. ಎಷ್ಟು ಒಳ್ಳೆ ಪೇಂಟ್ ಹೊಡೆದರೂ ಹೊರಗೆ ಪಾಚಿ, ಒಳಗೆ ತೇವ. ಹಿಂದಿನವರು ಮಳೆಗಾಲಕ್ಕೆ ಮುಂಚೆ ಸೋಗೆ ತಟ್ಟಿ ಕಟ್ಟುತ್ತಿದ್ದರು. ತಟ್ಟಿ ನೆನೆಯುತ್ತಿತ್ತು, ಗೋಡೆ ಬಚಾವಾಗುತ್ತಿತ್ತು. ಈಗಿನ ರೈನ್‌ಸ್ಕ್ರೀನ್ ಕೆಲಸ ಮಾಡುವುದೂ ಹಾಗೆಯೇ. ಗೋಡೆಯಿಂದ ಒಂದು ಇಂಚು ಬಿಟ್ಟು ಹಲಗೆ ಹೊಡೆಯುವುದು. ಹಲಗೆ ದಾಟಿ ಬಂದ ಅಷ್ಟಿಷ್ಟು ನೀರು ಹಿಂದೆ ಇಳಿದುಹೋಗುತ್ತದೆ, ಮಿಕ್ಕಿದ್ದನ್ನು ಗಾಳಿ ಒಣಗಿಸುತ್ತದೆ.

ಕಾಂಟ್ರಾಕ್ಟರ್ ಆಗಿ ನಾನು ಇಂಥ ಗೋಡೆ ಮಾಡಿದ್ದು ಒಬ್ಬ ಪ್ಲಾಂಟರ್ ಮನೆಗೆ. ಅವರ ಮಗಳು ಬೆಂಗಳೂರಿನಲ್ಲಿ ಈಪೆ ಮರ ನೋಡಿ ಬಂದಿದ್ದಳು. ದಕ್ಷಿಣ ಅಮೆರಿಕದ ಮರ, ನೀರಲ್ಲಿ ಹಾಕಿದರೆ ಮುಳುಗುವಷ್ಟು ಭಾರ. "ಅದನ್ನೇ ಹಾಕೋಣ ಅಂಕಲ್, ಜೀವಮಾನ ಪೂರ್ತಿ ಬರುತ್ತಂತೆ" ಅಂದಳು. ಬರುತ್ತದೆ, ಸುಳ್ಳಲ್ಲ. ಆದರೆ ಈಪೆ ಈಗ ಸೈಟಿಸ್ (ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ಎರಡನೇ ಪಟ್ಟಿಯಲ್ಲಿದೆ. 2022ರಲ್ಲಿ ಪನಾಮಾ ಸಭೆಯಲ್ಲಿ ತೀರ್ಮಾನವಾಗಿ, 2024ರ ನವೆಂಬರ್‌ನಿಂದ ಜಾರಿಗೆ ಬಂತು. ಪರ್ಮಿಟ್ ಇಲ್ಲದೆ ಗಡಿ ದಾಟುವ ಹಾಗಿಲ್ಲ. ಕಾಗದ ತೋರಿಸಿ ಅಂದರೆ ನನಗೆ ಸಿಕ್ಕ ವ್ಯಾಪಾರಿ ಮಾತು ಮರೆಸಿದ. ಅಲ್ಲಿಗೆ ಬಿಟ್ಟೆವು.

ಕಾಗದ ಇದ್ದಿದ್ದರೂ ನಾನು ಬೇಡ ಅನ್ನುತ್ತಿದ್ದೆ. ಗಟ್ಟಿ ಮರ ಬೇಕು ಅಂತ ಎಲ್ಲರೂ ಹೇಳುತ್ತಾರೆ. ನೆಲಕ್ಕೆ, ಡೆಕ್‌ಗೆ ಸರಿ. ಗೋಡೆ ಮೇಲೆ ಯಾರೂ ನಡೆಯಲ್ಲ, ಅಲ್ವಾ? ಹೊದಿಕೆಗೆ ನೋಡಬೇಕಾದ್ದು ಬೇರೆ: ನೆನೆದು ಒಣಗುವಾಗ ಸೀಳುತ್ತದಾ, ಬಣ್ಣ ಬಿಡುತ್ತದಾ, ಎಷ್ಟು ಉಬ್ಬುತ್ತದೆ, ಹುಳ ಹಿಡಿಯುತ್ತದಾ.

ಇದಕ್ಕೆ ಸಾಮಿಲ್ಲಿನಲ್ಲಿ ಬಿದ್ದಿದ್ದ ತುಂಡುಗಳನ್ನೇ ತಂದು, ಆ ಮನೆಯ ಪಶ್ಚಿಮಕ್ಕೆ ಸಿಮೆಂಟ್ ಶೀಟ್ ಮೇಲೆ ಸಾಲಾಗಿ ಸ್ಕ್ರೂ ಹಾಕಿ ಒಂದು ಮಳೆಗಾಲ ಬಿಟ್ಟೆ. ದೀಪಾವಳಿ ಹೊತ್ತಿಗೆ ಎಲ್ಲ ಮರಗಳ ಬಂಡವಾಳ ಬಯಲಾಯಿತು. ಸಿಲ್ವರ್ ಓಕ್ ಮೈತುಂಬ ಕಪ್ಪು ಚುಕ್ಕೆ, ಉಗುರಲ್ಲಿ ಒತ್ತಿದರೆ ಮೆತ್ತಗೆ. ಎಸ್ಟೇಟಿನಲ್ಲಿ ಬೇಕಾದಷ್ಟಿದೆ, ಒಳಗಿನ ಪ್ಯಾನೆಲ್‌ಗೆ ಚೆನ್ನ, ಹೊರಗೆ ಬೇಡವೇ ಬೇಡ. ಮತ್ತಿ ಕೊಳೆಯಲಿಲ್ಲ, ಆದರೆ ತುದಿಯಿಂದ ಒಳಗೆ ಬೆರಳುದ್ದ ಸೀಳು ಬಿಟ್ಟಿತ್ತು. ತೊಲೆಗೆ ಮತ್ತಿ ಸರಿ, ತೆಳು ಹಲಗೆಗೆ ಅಲ್ಲ. ಹೊನ್ನೆ ತುಂಡು ಒಂದಿಷ್ಟೂ ಅಲುಗಿರಲಿಲ್ಲ. ಶೀಟ್ ಮೇಲೆ ಮಾತ್ರ ಅದರ ಕೆಳಗೆ ಹಳದಿ ಕಂದು ಗೆರೆಗಳು. ಸಕ್ಕರೆ ಕಾಯಿಲೆಯವರು ನೀರು ಇಟ್ಟು ಕುಡಿಯುವ ಹೊನ್ನೆ ಲೋಟ ನೋಡಿದವರಿಗೆ ಇದು ಹೊಸದಲ್ಲ. ಬಿಳಿ ಗೋಡೆ ಇರುವ ಮನೆಗೆ ಅದು ಬೇಕಾ?

ಉಳಿದಿದ್ದು ಹೆಬ್ಬಲಸು ಮತ್ತು ಸಾಗುವಾನಿ. ಹೆಬ್ಬಲಸು ಕೇರಳದಲ್ಲಿ ದೋಣಿಗೆ ಬಳಸುವ ಮರ, ನೀರಿಗೆ ಅಂಜಲ್ಲ. ಪ್ಲಾಂಟರ ತೋಟದಲ್ಲೇ ಗಾಳಿಗೆ ಬಿದ್ದಿದ್ದ ಒಂದು ಮರವನ್ನು, ಇಲಾಖೆಯಲ್ಲಿ ಕಾಗದ ಮಾಡಿಸಿ, ಕೊಯ್ಸಿ ಇಟ್ಟಿದ್ದರು. ಹಲಗೆಯ ಹಿಂದೆ ಗೋಡೆಗೆ ಹೊಡೆಯುವ ಮರದ ಪಟ್ಟಿಗಳಿಗೆ ಅದು ಸಾಕಾಯಿತು. ಹಲಗೆಗೆ ಸಾಗುವಾನಿ.

ಸಾಗುವಾನಿ ಅಂದ ತಕ್ಷಣ ನಿಶ್ಚಿಂತೆ ಅಲ್ಲ. ಹೊರಗೆ ನಿಲ್ಲುವುದು ಚೇಗು, ಅಂದರೆ ಮರದ ಒಳಗಿನ ಗಟ್ಟಿ ಭಾಗ ಮಾತ್ರ. ಎಳೆಯ ಮರದಲ್ಲಿ ಹೊರಗಿನ ಬಿಳಿ ಭಾಗ ಜಾಸ್ತಿ. ಅದಕ್ಕೆ ಕುಟ್ಟೆ ಹುಳ, ಗೆದ್ದಲು ಎರಡೂ ಬರುತ್ತವೆ. ಹಳೇ ಮನೆ ಬಿಚ್ಚಿದ ತೊಲೆಗಳನ್ನು ಹುಡುಕಿ ಕೊಯ್ಸಿದೆವು. ವರ್ಷಾನುಗಟ್ಟಲೆ ಒಣಗಿದ ಮರ, ಬಹುಪಾಲು ಚೇಗು. ಒಂದೇ ಕಾಟ ಅಂದರೆ ಒಳಗೆ ಮುರಿದ ಮೊಳೆಗಳು. ಸಾಮಿಲ್ಲಿನವನು ಬ್ಲೇಡಿನ ಲೆಕ್ಕ ಹೇಳಿ ಬೈದುಕೊಂಡೇ ಕೊಯ್ದ. ಬಿಳಿ ಅಂಚು ಕಂಡ ಹಲಗೆಯನ್ನೆಲ್ಲ ಪಕ್ಕಕ್ಕೆ ಹಾಕಿಸಿದೆ. "ಇಷ್ಟಕ್ಕೆಲ್ಲ ಬಿಸಾಕ್ತಾರಾ ಸಾರ್?" ಅಂದರು ಆಚಾರ್ರು. "ಬಿಸಾಕೋದಲ್ಲ ಆಚಾರ್ರೇ, ಒಳಗಿನ ಶೆಲ್ಫಿಗೆ ಹಾಕಿ" ಅಂದೆ.

ಹಲಗೆ ನಾಲ್ಕು ಇಂಚು ಅಗಲ, ಮುಕ್ಕಾಲು ಇಂಚು ದಪ್ಪ. ಅದಕ್ಕಿಂತ ಅಗಲ ಮಾಡಿದರೆ ಬಿಸಿಲಿಗೆ ಬಟ್ಟಲಿನ ಹಾಗೆ ಬಾಗುತ್ತದೆ. ಮೇಲಂಚನ್ನು ಹೊರಗಡೆಗೆ ಇಳಿಜಾರು ಮಾಡಿಸಿದೆ, ನೀರು ಕೂರಬಾರದು. ಹಲಗೆ ಅಡ್ಡ ಬರುವುದರಿಂದ ಹಿಂದಿನ ಪಟ್ಟಿ ಉದ್ದುದ್ದ ನಿಲ್ಲಲೇಬೇಕು. ಪಟ್ಟಿಯೂ ಅಡ್ಡ ಹೊಡೆದರೆ ಗಾಳಿಯೂ ಇಲ್ಲ, ನೀರಿಗೆ ದಾರಿಯೂ ಇಲ್ಲ. ಹಲಗೆ ಹಲಗೆ ನಡುವೆ ಎರಡು ಸೂತ, ಅಂದರೆ ಕಾಲು ಇಂಚು ಸಂದು. ಬೇಸಿಗೆಯಲ್ಲಿ ಮೀಟರ್ ಇಟ್ಟಾಗ ತೇವ ಶೇ. 12ರ ಹತ್ತಿರ ಇತ್ತು. ಮಳೆಗಾಲದಲ್ಲಿ ಉಬ್ಬಿಯೇ ಉಬ್ಬುತ್ತದೆ, ಜಾಗ ಬೇಕು.

ಸ್ಕ್ರೂ ಎಲ್ಲ ಸ್ಟೇನ್‌ಲೆಸ್ ಸ್ಟೀಲ್, ತೂತು ಕೊರೆದೇ ಹಾಕಿದ್ದು. ಮಾಮೂಲಿ ಕಬ್ಬಿಣದ ಮೊಳೆ ಹೊಡೆದರೆ ಸಾಗುವಾನಿಯ ಮೇಲೆ ಸುತ್ತಲೂ ಮಸಿ ಬಳಿದಂತೆ ಕಪ್ಪಾಗುತ್ತದೆ, ಮತ್ತೆ ಹೋಗಲ್ಲ. ಕೊಯ್ದ ತುದಿಗಳಿಗೆಲ್ಲ ಸೀಲರ್. ಕೆಳಗೆ, ಮೇಲೆ ಎರಡೂ ಕಡೆ ಗಾಳಿಗೆ ಬಾಯಿ ಬಿಟ್ಟು ಸ್ಟೀಲ್ ಜಾಲರಿ ಹೊಡೆದೆವು. ಇಲ್ಲದಿದ್ದರೆ ನಮ್ಮ ಕಡೆ ತುಡುವೆ ಜೇನು ಅಂಥ ಸಂದನ್ನು ಬಿಡುವುದುಂಟಾ?

ಬಣ್ಣದ ವಿಷಯಕ್ಕೆ ಸ್ವಲ್ಪ ಜಗಳವೇ ಆಯಿತು. ಪ್ಲಾಂಟರಿಗೆ ವಾರ್ನಿಷ್ ಹೊಳಪು ಬೇಕಿತ್ತು. ಹೊರಗಿನ ಬಿಸಿಲು ಮಳೆಗೆ ವಾರ್ನಿಷ್ ಸಿಪ್ಪೆ ಏಳುತ್ತದೆ, ಮತ್ತೆ ಉಜ್ಜಿ ತೆಗೆಯುವ ಕೂಲಿ ಮರದ ರೇಟನ್ನೇ ನೆನಪಿಸುತ್ತದೆ. ಅಗಸೆ ಎಣ್ಣೆ ಹಾಗೇ ಬಳಿದರೆ ನಮ್ಮ ತೇವಕ್ಕೆ ಬೂಷ್ಟು. ಕೊನೆಗೆ ಏನೂ ಹಚ್ಚದೆ ಬಿಟ್ಟೆವು. ಮೊದಲ ಮಳೆಗಳಲ್ಲಿ ಕಂದು ನೀರು ಇಳಿಯಿತು, ಅದಕ್ಕೇ ಕೆಳಗಿನ ಕಟ್ಟೆಗೆ ಮೊದಲೇ ಕಪ್ಪು ಕಲ್ಲು ಹಾಕಿಸಿದ್ದೆ. ಈಗ ಮರ ಬೂದಿ ಬಣ್ಣಕ್ಕೆ ತಿರುಗಿದೆ. ನೆಲದಿಂದ ಚಿಮ್ಮುವ ನೀರಿಗೆ ಕೆಳಗಿನ ಸಾಲುಗಳೇ ಮೊದಲು ಹೋಗುವುದು. ಆ ಸಾಲುಗಳ ಸ್ಕ್ರೂ ತಲೆ ಮುಚ್ಚಿಲ್ಲ, ಬಿಚ್ಚಿ ಬದಲಿಸಲು ನಾಲ್ಕು ಹಲಗೆ ಅಟ್ಟದ ಮೇಲಿವೆ.