ಬರಣಿಯೊಳಗೆ ಫೇರಿ ಗಾರ್ಡನ್: ನೀರು ಹಾಕುವ ಕೈ ಬಿಗಿ ಇರಲಿ

ವಿಜಯಪುರದ ಬಿಸಿಲಿಗೆ ಹೆದರಿ ಜನ ಮುಚ್ಚಳವಿರುವ ಟೆರೇರಿಯಂಗೂ, ಅಂದರೆ ಗಾಜಿನ ಬರಣಿಯೊಳಗೆ ಬೆಳೆಸುವ ಪುಟ್ಟ ತೋಟಕ್ಕೂ, ದಿನಾ ನೀರು ಹಾಕುತ್ತಾರೆ. ಮಕ್ಕಳ ಆಸೆಗೆ ಪುಟ್ಟ ಮನೆ, ಪರಿ ಗೊಂಬೆ ಇಟ್ಟು ಮಾಡಿದ ಈ ಫೇರಿ ಗಾರ್ಡನ್ ತಿಂಗಳೊಳಗೆ ಕೊಳೆತು ನಾರುತ್ತದೆ. ಆಮೇಲೆ ‘ನಮ್ಮೂರ ಹವಾಕ್ಕ ಇದು ಆಗೂದಿಲ್ಲ’ ಅನ್ನುವ ಮಾತು ಬೇರೆ. ಹವೆಯ ತಪ್ಪೇನೂ ಇಲ್ಲ. ಮುಚ್ಚಿದ ಗಾಜಿನೊಳಗಿನ ನೀರು ಎಲ್ಲೂ ಹೋಗುವುದಿಲ್ಲ. ಎಲೆ ಬಿಟ್ಟ ಆವಿ ಗಾಜಿಗೆ ತಾಗಿ, ಹನಿಯಾಗಿ ಮತ್ತೆ ಮಣ್ಣಿಗೇ ಇಳಿಯುತ್ತದೆ. ಲಂಡನ್ನಿನ ಡಾಕ್ಟರ್ ನಥಾನಿಯಲ್ ವಾರ್ಡ್ 1833ರಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಗಿಡ ಮುಚ್ಚಿ ಹಡಗಿನಲ್ಲಿ ಸಿಡ್ನಿಗೆ ಕಳಿಸಿದ್ದರು. ತಿಂಗಳುಗಟ್ಟಲೆ ಸಮುದ್ರದ ಮೇಲಿದ್ದೂ ಗಿಡಗಳು ಬದುಕಿದ್ದವು.

ಮೊದಲು ಬರಣಿ. ಒಳಗೆಲ್ಲ ಕಾಣುವ, ಬಣ್ಣವಿಲ್ಲದ ಗಾಜಿನದು, ಸುಮಾರು ಒಂದಡಿ ಎತ್ತರ, ನಿಮ್ಮ ಕೈ ಒಳಗೆ ಹೋಗುವಷ್ಟು ಅಗಲ ಬಾಯಿ. ಚಿಮುಟಿಗೆ ಹಿಡಿದು ಸಣ್ಣ ಬಾಯಿಯ ಬಾಟಲಿಯಲ್ಲಿ ಗಿಡ ನೆಡುವುದು ವಿಡಿಯೊದಲ್ಲಿ ನೋಡಲು ಮಾತ್ರ ಚೆಂದ.

ತಳಕ್ಕೆ ತೊಳೆದ ಸಣ್ಣ ಖಡಿ, ಒಂದೂವರೆ ಇಂಚು. ಇಳಕಲ್ಲಿನ ಕೆಂಪು ಗ್ರಾನೈಟಿನ ಚೂರು ಸಿಕ್ಕರೆ ಇನ್ನೂ ಚೊಲೋ. ಸುಣ್ಣಗಲ್ಲಿನ ಚೂರು ಬೇಡ. ಅಂಗಡಿಯ ಬಣ್ಣ ಹಚ್ಚಿದ ಕಲ್ಲೂ ಬೇಡ, ಒದ್ದೆಯಲ್ಲಿ ಬಣ್ಣ ಬಿಡುತ್ತವೆ. ಖಡಿಯ ಮೇಲೆ ಕುಟ್ಟಿ ತೊಳೆದ ಇದ್ದಿಲು ಅರ್ಧ ಇಂಚು, ಅದರ ಮೇಲೆ ಸೊಳ್ಳೆ ಪರದೆಯ ಒಂದು ತುಂಡು. ಪರದೆ ಹಾಕದಿದ್ದರೆ ಮಣ್ಣೆಲ್ಲ ಖಡಿಯೊಳಗೆ ಜಾರುತ್ತದೆ.

ಮಣ್ಣಿನ ವಿಷಯಕ್ಕೆ ಬರೋಣ. ಹೊಲದ ಎರೆಮಣ್ಣು ತಂದು ತುಂಬಬೇಡಿ. ನೀರು ಹಿಡಿದರೆ ಉಬ್ಬುತ್ತದೆ, ಅಂಟಾಗುತ್ತದೆ, ಬೇರಿಗೆ ಗಾಳಿ ಸಿಗುವುದಿಲ್ಲ. ಎರಡು ಪಾಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಮಸಾರಿ (ಕೆಂಪು) ಮಣ್ಣು, ಒಂದು ಪಾಲು ದಪ್ಪ ಮರಳು ಸಾಕು. ಕೊಕೊಪೀಟ್ ಇಟ್ಟಿಗೆಯಲ್ಲಿ ಉಪ್ಪಿನಂಶ ಇರಬಹುದು, ಎರಡು ಸಲ ನೆನೆಸಿ ಹಿಂಡಿ. ಗೊಬ್ಬರ ಹಾಕಲೇಬೇಡಿ. ಗಿಡ ಜೋರಾಗಿ ಬೆಳೆದು ಮುಚ್ಚಳ ಮುಟ್ಟುತ್ತದೆ, ಅದು ನಮಗೆ ಬೇಕಿಲ್ಲ ಅಲ್ವಾ?

ಮಿಶ್ರಣಕ್ಕೆ ನೀರು ಬೆರೆಸುವುದು ಬರಣಿಗೆ ಹಾಕುವ ಮೊದಲೇ. ಮುಷ್ಟಿಯಲ್ಲಿ ಜೋರಾಗಿ ಹಿಂಡಿ. ಒಂದೆರಡು ಹನಿ ಬಂದರೆ ಸರಿ. ಧಾರೆ ಇಳಿದರೆ ಪೇಪರಿನ ಮೇಲೆ ಹರಡಿ ಆರಿಸಿ. ಹದವಾಗಿದ್ದರೆ ಎರಡೂವರೆ ಇಂಚು ತುಂಬಿ ಗಿಡ ನೆಡಿ: ಫಿಟೋನಿಯಾ, ಸಣ್ಣ ಫರ್ನ್, ಪೆಪರೋಮಿಯಾ. ಬರಣಿಗೆ ಮೂರಕ್ಕಿಂತ ಜಾಸ್ತಿ ಬೇಡ. ಮುಚ್ಚಿದ ಗಾಜಿನಲ್ಲಿ ಕಳ್ಳಿ, ದಪ್ಪ ಎಲೆಯ ಸಕ್ಯುಲೆಂಟ್ ಹಾಕಿ ಮಾರುವವರಿದ್ದಾರೆ. ಅವು ಆ ಆವಿಯಲ್ಲಿ ಕೊಳೆಯುತ್ತವೆ, ದುಡ್ಡು ದಂಡ.

ನೆಟ್ಟ ಮೇಲೆ ಚಮಚೆಯಿಂದ, ಗಾಜಿನ ಅಂಚಿಗೆ ಇಳಿಯುವಂತೆ, ನಾಲ್ಕೈದು ಚಮಚೆ ನೀರು. ಅಷ್ಟೇ! ತಳದ ಖಡಿಯಲ್ಲಿ ನೀರು ನಿಂತದ್ದು ಕಂಡರೆ ಜಾಸ್ತಿಯಾಯಿತು ಅಂತಲೇ ಅರ್ಥ. ಬೋರ್‌ವೆಲ್ಲಿನ ಸವಳು ನೀರು ಹಾಕಿದರೆ ಗಾಜಿಗೆ ಬಿಳಿ ಕಲೆ ಕೂರುತ್ತದೆ, ಮಣ್ಣಿನ ಮೇಲೆ ಹಾಸಿದ ಪಾಚಿ ಕಂದಾಗುತ್ತದೆ. ಮಳೆನೀರು ಇಲ್ಲವೇ ಆರ್‌ಓ ನೀರು ಬಳಸಿ.

ಮುಚ್ಚಳ ಹಾಕಿದ ಮೇಲೆ ಎರಡು ವಾರ ಗಾಜನ್ನೇ ಓದಬೇಕು. ಬೆಳಿಗ್ಗೆ ಒಂದು ಬದಿ ತೆಳು ಮಂಜು ಕೂತು, ಮಧ್ಯಾಹ್ನದ ಹೊತ್ತಿಗೆ ಆರಿದರೆ ಹದ ಸರಿ ಇದೆ, ಮುಟ್ಟಬೇಡಿ. ಸುತ್ತಲೂ ನೀರು ಹರಿದು ಒಳಗಿನ ಗಿಡವೇ ಕಾಣದಿದ್ದರೆ ಮುಚ್ಚಳ ತೆಗೆದು ಗಾಜು ಒರೆಸಿ, ಮೂರ್ನಾಲ್ಕು ಗಂಟೆ ಬಿಡಿ. ಮರುದಿನವೂ ಹಾಗೇ ಇದ್ದರೆ ಮತ್ತೆ ತೆಗೆಯಿರಿ. ಮಂಜೇ ಕಾಣದೆ ಮಣ್ಣಿನ ಬಣ್ಣ ತಿಳಿಯಾದರೆ ಎರಡು ಚಮಚೆ ನೀರು. ಎಲೆ ಬಾಡಿತು ಅಂತ ತಕ್ಷಣ ನೀರು ಹಾಕಬೇಡಿ, ಬೇರು ಕೊಳೆತರೂ ಎಲೆ ಬಾಡುತ್ತದೆ. ಬೆರಳಿಂದ ಮಣ್ಣು ಮುಟ್ಟಿ ನೋಡಿ. ಬಿಳಿ ಬೂಜು ಬಂದರೆ ಸತ್ತ ಎಲೆ ತೆಗೆದು, ಇಯರ್‌ಬಡ್‌ನಿಂದ ಒರೆಸಿದರೆ ಆಯಿತು.

ಪಾಚಿ ಮಳೆಗಾಲದಲ್ಲಿ ನಿಮ್ಮ ಕಾಂಪೌಂಡ್ ಗೋಡೆಯ ಮೇಲೇ ಸಿಗುತ್ತದೆ. ಖಾನಾಪುರದ ಭೀಮಗಡ ವನ್ಯಧಾಮದಿಂದ, ಹಳೆಯ ಸ್ಮಾರಕಗಳಿಂದ ಕೆರೆದು ತರಬೇಡಿ. ಪೊಟ್ಟಣದಲ್ಲಿ ಬರುವ ಗಾಢ ಹಸಿರು ಪಾಚಿ ಬಹುಪಾಲು ಒಣಗಿಸಿ ಬಣ್ಣ ಹಾಕಿದ್ದು, ಬೆಳೆಯುವುದಿಲ್ಲ.

ಗೊಂಬೆ ಕೊನೆಗೆ. ರೆಸಿನ್ ಮನೆ, ಸುಟ್ಟ ಮಣ್ಣಿನ ಪುಟ್ಟ ಗಡಿಗೆ, ಕಲ್ಲಿನ ದಾರಿ ನಡೆಯುತ್ತವೆ. ಗೋಕಾಕದ ಕಟ್ಟಿಗೆ ಗೊಂಬೆ ಒಳಗಿಟ್ಟರೆ ಬೂಜು ಹಿಡಿಯುತ್ತದೆ. ಮಣ್ಣೆತ್ತಿನ ಅಮಾವಾಸ್ಯೆಯ ಎತ್ತು ಸುಟ್ಟದ್ದಲ್ಲ, ಕರಗಿ ಕೆಸರಾಗುತ್ತದೆ. ಕಬ್ಬಿಣದ ತಂತಿಯ ಬೇಲಿ ತುಕ್ಕು ಹಿಡಿಯುತ್ತದೆ. ಒಂದು ಮನೆ, ಒಂದು ಪರಿ ಗೊಂಬೆ ಸಾಕು. ಹತ್ತು ಗೊಂಬೆ ತುರುಕಿದರೆ ಜಾತ್ರೆ ಅಂಗಡಿ ಆಗುತ್ತದೆ.

ಲೈಟ್ ಹಾಕದೆ ಪೇಪರ್ ಓದುವಷ್ಟು ಬೆಳಕಿರುವ ಜಾಗದಲ್ಲಿ ಇಡಿ. ನೇರ ಬಿಸಿಲು ಬಿದ್ದರೆ ಗಾಜು ಶಾಖ ಹಿಡಿದು ಗಿಡ ಒಳಗೇ ಬೇಯುತ್ತದೆ. ಏಪ್ರಿಲ್, ಮೇನಲ್ಲಿ ಕಿಟಕಿಯಿಂದ ದೂರ, ತಣ್ಣಗಿರುವ ಒಳಕೋಣೆಗೆ ಒಯ್ಯಿರಿ. ಎಲೆ ಗಾಜಿಗೆ ತಾಗತೊಡಗಿದಾಗ ಕುಡಿ ಕತ್ತರಿಸಿ. ಫಿಟೋನಿಯಾದ ಆ ಕುಡಿ ನೀರಲ್ಲಿಟ್ಟರೆ ಬೇರು ಬಿಡುತ್ತದೆ, ಇನ್ನೊಂದು ಬರಣಿಗೆ ಆಯಿತು.