ಏಳು ಎಂಟಾದ ಗಳಿಗೆ: ನನ್ನ ಹೊಸ ಪ್ರೇಮ ಕಾದಂಬರಿ ಹುಟ್ಟಿದ್ದು ಹೀಗೆ

ಚುಕ್ಕೆ, ಗೆರೆಗಳ ಸದ್ದಿನಲ್ಲಿ ಅಕ್ಷರ ಕಳಿಸುವ ಮೋರ್ಸ್ ಕೋಡ್ ಇಟ್ಟುಕೊಂಡು ಪ್ರೇಮ ಕಾದಂಬರಿ ಬರೆಯುತ್ತೇನೆ ಎಂದಾಗ ನನ್ನ ಸಂಪಾದಕರು ಫೋನಿನಲ್ಲಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ "ಬರೀ ಟಕ್ ಟಕ್ ಸದ್ದು, ಇದರಲ್ಲಿ ಪ್ರೀತಿ ಎಲ್ಲಿ ಬಂತು?" ಎಂದರು. ಜೊತೆಯಲ್ಲಿ ಬರೆಯುವ ಇಬ್ಬರು ಗೆಳತಿಯರೂ ಅದನ್ನೇ ಇನ್ನೊಂದು ಥರ ಹೇಳಿದರು. ಈಗ ಆ ಪುಸ್ತಕ ಮೂರನೇ ಮುದ್ರಣದಲ್ಲಿದೆ. ಮೊದಲ ಸಾವಿರ ಪ್ರತಿ ಹೆಚ್ಚುಕಡಿಮೆ ಐದು ತಿಂಗಳಲ್ಲಿ ಖಾಲಿಯಾದವು. ನನ್ನ ಹಿಂದಿನ ಮೂರು ಕಾದಂಬರಿ ಎಲ್ಲ ಸೇರಿ ಅಷ್ಟು ಖರ್ಚಾಗಲು ಆರು ವರ್ಷ ಹಿಡಿದಿತ್ತು. "ಸ್ಫೂರ್ತಿ ಏನು" ಎಂದು ಕೇಳಿದವರಿಗೆಲ್ಲ ಎರಡು ವಾಕ್ಯದ ಉತ್ತರ ಕೊಟ್ಟು ಬಂದಿದ್ದೇನೆ. ನೀವೂ ಬರೆಯುವವರು, ಆ ಎರಡು ವಾಕ್ಯ ನಿಮಗೆ ಸಾಲುವುದಿಲ್ಲ.

ಮೊದಲು ಸೋತದ್ದನ್ನು ಹೇಳಬೇಕು. ಮೂರನೇ ಕಾದಂಬರಿ ಆದ ಮೇಲೆ ಎರಡೂವರೆ ವರ್ಷ ನಾನು ಎಲ್ಲರಂತೆ ಪ್ರೇಮಿಗಳನ್ನೇ ಹುಡುಕಿದೆ. ಗುರುತಿನ ಹದಿನಾಲ್ಕು ದಂಪತಿಗಳನ್ನು ಕೂರಿಸಿಕೊಂಡು ಅವರು ಭೇಟಿಯಾದ ಕಥೆ ಕೇಳಿದೆ, ರೆಕಾರ್ಡ್ ಮಾಡಿದೆ, ಟೈಪ್ ಮಾಡಿದೆ. ಒಂದೊಂದೂ ಕೇಳುವಾಗ ಚೆನ್ನಾಗಿತ್ತು, ಪುಟಕ್ಕೆ ಇಳಿಸಿದರೆ ಸತ್ತುಹೋಗುತ್ತಿತ್ತು. ಸುಖವಾಗಿ ಬಾಳುತ್ತಿರುವವರು ತಮ್ಮ ನಡುವೆ ಇದ್ದ ಅಡ್ಡಿಯನ್ನು ಮರೆತಿರುತ್ತಾರೆ. ನಮಗೆ ಬೇಕಾದದ್ದೇ ಆ ಅಡ್ಡಿ. ಒಂದು ಹಸ್ತಪ್ರತಿ ಹದಿನೆಂಟು ಸಾವಿರ ಪದಕ್ಕೆ ನಿಂತಿತು, ಇನ್ನೊಂದು ಒಂಬತ್ತು ಸಾವಿರಕ್ಕೆ. ಅಷ್ಟರಲ್ಲಿ ಒಬ್ಬ ಪ್ರಕಾಶಕರಿಂದ ತೆಗೆದುಕೊಂಡಿದ್ದ ಮುಂಗಡದಲ್ಲಿ ಅರ್ಧ ಖರ್ಚಾಗಿತ್ತು. ಗಡುವು ಎರಡು ಸಲ ದಾಟಿದ ಮೇಲೆ ಅವರು ಪೂರ್ತಿ ವಾಪಸ್ ಕೇಳಿದರು. ಕೊಟ್ಟೆ. ನಾಲ್ಕು ತಿಂಗಳ ಮನೆ ಬಾಡಿಗೆಯಷ್ಟು ಹಣ ಅದು. ಮೂರು ಕಂತಿನಲ್ಲಿ ತೀರಿಸಿದೆ. ಆ ವರ್ಷ ಅನುವಾದದ ಕೆಲಸ ಸಿಕ್ಕಿದ್ದರಿಂದ ಬದುಕಿಕೊಂಡೆ.

ಗಡಿಯಾರ ಕಂಡದ್ದು ಆ ದಿನಗಳಲ್ಲೇ. ಹಳೆಯ ಗಡಿಯಾರ ಕೂಡಿಡುವ ಗೆಳೆಯನೊಬ್ಬನ ಗೋಡೆಯ ಮೇಲೆ ಹಡಗಿನ ರೇಡಿಯೋ ಕೋಣೆಯದೊಂದು ಇತ್ತು. ಅದರ ಮುಖದ ಮೇಲೆ ಹೋಳು ಕತ್ತರಿಸಿದಂತೆ ಎರಡು ಕೆಂಪು ಪಟ್ಟಿ: 15ನೇ ನಿಮಿಷದಿಂದ 18ರವರೆಗೆ ಒಂದು, 45ರಿಂದ 48ರವರೆಗೆ ಇನ್ನೊಂದು. ಹಾಗೆಯೇ ಹಸಿರು ಪಟ್ಟಿಗಳೂ ಇದ್ದವು, ಅವು ಧ್ವನಿ ರೇಡಿಯೋಗೆ. ಕೆಂಪು ಯಾಕೆ ಎಂದು ಕೇಳಿದೆ. "ಆ ಮೂರು ನಿಮಿಷ, ಹಡಗುಗಳು ಮೋರ್ಸ್ ಕರೆಗೆ ಬಳಸುತ್ತಿದ್ದ 500 ಕಿಲೋಹರ್ಟ್ಸ್‌ನಲ್ಲಿ ಯಾರೂ ಮೋರ್ಸ್ ಒತ್ತುವ ಕೀ ಮುಟ್ಟುವಂತಿರಲಿಲ್ಲ. ಯಾವುದೋ ಹಡಗು ಮುಳುಗುತ್ತಿದ್ದರೆ ಅದರ ಕ್ಷೀಣ ಕರೆ ಕೇಳಲಿ ಅಂತ ಎಲ್ಲರೂ ಸುಮ್ಮನಾಗಿ ಕಿವಿಗೊಡಬೇಕಿತ್ತು. ಗಂಟೆಗೆ ಎರಡು ಸಲ" ಎಂದ. ಸಮುದ್ರದ ಮೇಲಿರುವ ಅಷ್ಟೂ ಜನ ಒಟ್ಟಿಗೆ ಉಸಿರು ಹಿಡಿದು ಕೂರುವ ಚಿತ್ರ ಕಣ್ಣಿಗೆ ಕಟ್ಟಿತು. ಆ ರಾತ್ರಿ ನಿದ್ದೆ ಬರಲಿಲ್ಲ.

ಸ್ಫೂರ್ತಿ ಸಿಕ್ಕಿತು, ಇನ್ನು ಬರೆಯುವುದಷ್ಟೇ ಎಂದುಕೊಂಡೆ. ತಪ್ಪಿದ್ದೇ ಅಲ್ಲಿ. ಹಡಗಿನಲ್ಲಿ ಅವನು, ಕರಾವಳಿ ಠಾಣೆಯಲ್ಲಿ ಅವಳು, ಒಂದು ಬಿರುಗಾಳಿ, ಮೂರು ನಿಮಿಷದ ಮೌನದಲ್ಲಿ ಅವನ ಆರ್ತ ಕರೆ. ಅರವತ್ತು ಸಾವಿರ ಪದ ಏಳು ತಿಂಗಳಲ್ಲಿ ಬರೆದೆ. ಖಾಯಂ ಓದಿಕೊಡುವ ಐವರಿಗೆ ಕೊಟ್ಟೆ. ಐವರಲ್ಲಿ ನಾಲ್ವರು ಬಿರುಗಾಳಿ ಚೆನ್ನಾಗಿದೆ ಎಂದರು. ಪ್ರೀತಿಯ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ. ಐದನೆಯವಳು ಮಾತ್ರ ನೇರವಾಗಿ ಹೇಳಿದಳು: "ಇವರಿಬ್ಬರ ಜಾಗದಲ್ಲಿ ಯಾರಿದ್ದರೂ ಇದೇ ಕಥೆ." ಅದು ನಿಜವಾಗಿತ್ತು. ಗೋಡೆಯ ಗಡಿಯಾರ ಕಥೆಗೆ ಬಂದಿತ್ತು, ಆದರೆ ಆ ಗಡಿಯಾರದ ಕೆಳಗೆ ಕೂತವರ ಕೈ ಬಂದಿರಲಿಲ್ಲ. ಅರವತ್ತು ಸಾವಿರದಲ್ಲಿ ಉಳಿಸಿಕೊಂಡದ್ದು ಹೆಚ್ಚೆಂದರೆ ಎರಡು ಸಾವಿರ ಪದ.

ಆಗ ಮೋರ್ಸ್ ಕಲಿಯಲು ಕೂತೆ. ಗೆಳತಿಯರು ಸಮಯ ಹಾಳು ಎಂದರು. ಪುಸ್ತಕದಿಂದಲ್ಲ, ಕಿವಿಯಿಂದ ಕಲಿತೆ. ಹ್ಯಾಮ್ ರೇಡಿಯೋ ಹವ್ಯಾಸಿಯೊಬ್ಬರು ವಾರಕ್ಕೆ ಎರಡು ದಿನ ಹೇಳಿಕೊಟ್ಟರು. ಮೂರೂವರೆ ತಿಂಗಳಲ್ಲಿ ನಿಮಿಷಕ್ಕೆ ಹನ್ನೆರಡು ಪದದವರೆಗೆ ಬಂದೆ. ವೃತ್ತಿಯ ಆಪರೇಟರ್‌ಗಳಿಗೆ ಇಪ್ಪತ್ತು, ಇಪ್ಪತ್ತೈದು ಲೆಕ್ಕಕ್ಕೇ ಇಲ್ಲ, ಆದರೆ ಕಾದಂಬರಿಗೆ ನನ್ನ ಹನ್ನೆರಡು ಸಾಕಾಯಿತು.

ಕಥೆ ಸಿಕ್ಕಿದ ದಿನದ ಬಗ್ಗೆ ನಿಧಾನವಾಗಿಯೇ ಹೇಳುತ್ತೇನೆ. ಆಪರೇಟರ್‌ಗಳು ಮಾತು ಮುಗಿಸುವಾಗ 73 ಎಂದು ಒತ್ತುತ್ತಾರೆ. 'ಶುಭಾಶಯ' ಎಂದರ್ಥ, ಹತ್ತೊಂಬತ್ತನೇ ಶತಮಾನದ ತಂತಿಯ ಕಾಲದಿಂದ ಬಂದದ್ದು. 88 ಎಂದರೆ ಪ್ರೀತಿ, ಮುತ್ತು. ಇದು ಕಲಿತವರಿಗೆಲ್ಲ ಗೊತ್ತು. ಆ ಸಂಜೆ ನಾನು 73 ಅಭ್ಯಾಸ ಮಾಡುತ್ತಿದ್ದೆ. ಏಳು ಎಂದರೆ ಎರಡು ಗೆರೆ, ಮೂರು ಚುಕ್ಕೆ: ಡಾ ಡಾ ಡಿ ಡಿ ಡಿಟ್. ಮೂರನೆಯದರ ಮೇಲೆ ಬೆರಳು ಸ್ವಲ್ಪ ಹೆಚ್ಚು ನಿಂತಿತು. ಗುರುಗಳು ತಡೆದು "ನೀವೀಗ ಎಂಟು ಕಳಿಸಿದಿರಿ" ಎಂದರು. ಎಂಟು ಎಂದರೆ ಮೂರು ಗೆರೆ, ಎರಡು ಚುಕ್ಕೆ. ಏಳಕ್ಕೂ ಎಂಟಕ್ಕೂ ಇರುವ ವ್ಯತ್ಯಾಸ ಒಂದೇ, ಆ ಮೂರನೇ ಒತ್ತು. ಚುಕ್ಕೆಯ ಮೂರರಷ್ಟು ಹೊತ್ತು ಒತ್ತಿದರೆ ಗೆರೆ. ನಿಮಿಷಕ್ಕೆ ಇಪ್ಪತ್ತು ಪದದ ವೇಗದಲ್ಲಿ ಚುಕ್ಕೆ 60 ಮಿಲಿಸೆಕೆಂಡ್, ಗೆರೆ 180. ಶುಭಾಶಯ ಹೇಳಲು ಹೊರಟ ಕೈ ಪ್ರೀತಿಯ ಕಡೆಗೆ ತಿರುಗಲು ಸೆಕೆಂಡಿನ ಸುಮಾರು ಎಂಟನೇ ಒಂದು ಭಾಗ ಸಾಕು.

"ತಪ್ಪಾದರೆ ಏನು ಮಾಡಬೇಕು?" ಎಂದು ಕೇಳಿದೆ. "ಎಂಟು ಚುಕ್ಕೆ ಒತ್ತಿ. ತಪ್ಪಾಯಿತು, ತಿದ್ದುತ್ತೇನೆ ಅಂತ ಅರ್ಥ" ಎಂದರು. ಕೈ ಕೀ ಮೇಲೆಯೇ ಇತ್ತು. ಇಡೀ ಕಾದಂಬರಿ ಆಗ ಎದುರು ಬಂದು ನಿಂತಿತು. ಹನ್ನೊಂದು ತಿಂಗಳಿಂದ ಅವಳಿಗೆ 73 ಕಳಿಸುತ್ತಿರುವವನು ಒಂದು ರಾತ್ರಿ 8 ಎಂದು ಒತ್ತುತ್ತಾನೆ, ಅಷ್ಟರಲ್ಲಿ ಗಡಿಯಾರದ ಮುಳ್ಳು ಕೆಂಪು ಪಟ್ಟಿಗೆ ಬರುತ್ತದೆ. ಇನ್ನು ಮೂರು ನಿಮಿಷ ಅವಳು ಪ್ರಶ್ನಿಸುವಂತಿಲ್ಲ, ಅವನು ಹೇಳುವಂತಿಲ್ಲ. ಮುಳ್ಳು ಪಟ್ಟಿ ದಾಟಿದ ಮೇಲೆ ಅವನು ಎಂಟು ಚುಕ್ಕೆ ಒತ್ತಿ 73 ಎಂದು ತಿದ್ದುತ್ತಾನೆ. ಅದು ಕೈ ತಪ್ಪಿದ್ದೋ, ಮನಸ್ಸು ಬದಲಾದದ್ದೋ? ಮುಂದಿನ ಇನ್ನೂರ ಅರವತ್ತು ಪುಟ ಆ ಪ್ರಶ್ನೆಯ ಮೇಲೆಯೇ ನಡೆಯುತ್ತದೆ. ಇಂಥ ಅಡ್ಡಿಯನ್ನು ನಾನು ಕೂತು ಯೋಚಿಸಿದ್ದರೆ ಹತ್ತು ವರ್ಷಕ್ಕೂ ಹೊಳೆಯುತ್ತಿರಲಿಲ್ಲ. ಅದು ಆ ಕೆಲಸದ ಒಳಗೇ ಇತ್ತು.

ಎರಡನೇ ಕರಡು ನಾಲ್ಕು ತಿಂಗಳಲ್ಲಿ ಮುಗಿಯಿತು. ನಿವೃತ್ತ ಹಡಗು ರೇಡಿಯೋ ಅಧಿಕಾರಿಯೊಬ್ಬರಿಗೆ ದುಡ್ಡು ಕೊಟ್ಟು ಓದಿಸಿದೆ. ಸುಮಾರು ಒಂದು ತಿಂಗಳ ಬಾಡಿಗೆಯಷ್ಟು ಕೊಟ್ಟಿರಬೇಕು. ಈ ಪುಸ್ತಕಕ್ಕೆ ಮಾಡಿದ ಖರ್ಚಿನಲ್ಲಿ ಅಷ್ಟು ಸಾರ್ಥಕವಾದದ್ದು ಬೇರೆ ಇಲ್ಲ. ಅವರು ಮೊದಲ ಪುಟದಲ್ಲೇ ಕೆಂಪು ಗೀಟು ಹಾಕಿದರು. ನಾಯಕನ ಕೈಗೆ ನಾನು ಎಲೆಕ್ಟ್ರಾನಿಕ್ ಕೀಯರ್ ಕೊಟ್ಟಿದ್ದೆ. "ಚುಕ್ಕೆ, ಗೆರೆ ಎರಡನ್ನೂ ಯಂತ್ರವೇ ಅಳೆದು ಹಾಕಿದರೆ ಮನುಷ್ಯನ ಗುರುತು ಎಲ್ಲಿಂದ ಬರುತ್ತದೆ? ಮೂರನೇ ಒತ್ತು ಉದ್ದವಾಗುವುದಾದರೂ ಹೇಗೆ?" ಎಂದು ಕೇಳಿದರು. ಹಳೆಯ ನೇರ ಕೀ ಕೊಟ್ಟೆ. 500ರಲ್ಲಿ ಹರಟೆ ಹೊಡೆಯುವಂತಿರಲಿಲ್ಲ, ಅಲ್ಲಿ ಕರೆದು ಬೇರೆ ತರಂಗಾಂತರಕ್ಕೆ ಹೋಗಿ ಸಂದೇಶ ಮುಗಿಸಬೇಕಿತ್ತು ಎಂದೂ ತಿದ್ದಿದರು. ನನ್ನ ದೃಶ್ಯವೇ ಬಿದ್ದುಹೋಯಿತು ಎಂದು ಎದೆ ಧಸಕ್ಕೆಂದಿತು. ಆದರೆ ಅದರಿಂದ ಒಳ್ಳೆಯದೇ ಆಯಿತು. ಸಂದೇಶವೆಲ್ಲ ಬೇರೆ ಕಡೆ ಮುಗಿಸಿ, ಕೊನೆಯ 73 ಒಂದನ್ನು ಮಾತ್ರ 500ಕ್ಕೆ ಮರಳಿ ಬಂದು ಒತ್ತುವುದು ಅವನು ಅವಳಿಗೋಸ್ಕರ ತೆಗೆದುಕೊಳ್ಳುವ ಪುಟ್ಟ ಸಲಿಗೆಯಾಯಿತು. ಓದುಗರು ಹೆಚ್ಚು ನೆನೆಯುವ ಸಾಲು ಅದು.

ಒಬ್ಬೊಬ್ಬ ಆಪರೇಟರ್‌ನ ಒತ್ತುವ ರೀತಿಗೆ ಅವರ ಭಾಷೆಯಲ್ಲಿ 'ಫಿಸ್ಟ್' ಎನ್ನುತ್ತಾರೆ. ನಾನು 'ಕೈಗುಣ' ಎಂದು ಬರೆದೆ. ಆ ಪದ ಹೊಳೆದ ದಿನ ಬೇರೇನೂ ಬರೆಯದೆ ಎದ್ದೆ, ಅಷ್ಟು ತೃಪ್ತಿಯಾಗಿತ್ತು. ಕೈಗುಣ ನಿಜವಾಗಿ ಗುರುತು ಸಿಗುತ್ತದೆಯೇ ಎಂದು ಪರೀಕ್ಷೆಯನ್ನೂ ಮಾಡಿದೆ. ಐವರು ಹವ್ಯಾಸಿಗಳಿಂದ ಒಂದೇ ಸಂದೇಶ ಒತ್ತಿಸಿ ರೆಕಾರ್ಡ್ ಮಾಡಿ, ಹಿಂದುಮುಂದು ಮಾಡಿ ಆ ಅಧಿಕಾರಿಗೆ ಕೇಳಿಸಿದೆ. ಐವರೂ ಅವರ ಪರಿಚಯದವರು. ನಾಲ್ವರನ್ನು ಸರಿಯಾಗಿ ಹೇಳಿದರು. ಐದನೆಯವರನ್ನು ಕೇಳಿ "ಇವರಿಗೆ ಹುಷಾರಿಲ್ಲವಾ?" ಎಂದರು. ಆ ವ್ಯಕ್ತಿ ಮಣಿಕಟ್ಟು ಉಳುಕಿ ಪಟ್ಟಿ ಕಟ್ಟಿಕೊಂಡು ಒತ್ತಿದ್ದರು. ಇದು ಅಧ್ಯಾಯ ಹದಿನೇಳಕ್ಕೆ ನೇರವಾಗಿ ಹೋಯಿತು.

ನಡುವೆ ಎರಡು ಹೊಡೆತ ಬಿದ್ದವು. ಒಂದು, 1879ರಲ್ಲೇ ಎಲ್ಲಾ ಚೀವರ್ ಥೇಯರ್ ಎಂಬ ಲೇಖಕಿ ತಂತಿಯ ಮೇಲಿನ ಪ್ರೇಮವನ್ನು ಕಾದಂಬರಿ ಮಾಡಿದ್ದರು, ಸ್ವತಃ ಟೆಲಿಗ್ರಾಫ್ ಆಪರೇಟರ್ ಆಗಿದ್ದವರು. ಇದು ತಿಳಿದಾಗ ಒಂದು ವಾರ ಬರೆಯಲಾಗಲಿಲ್ಲ. ಆಮೇಲೆ ನೋಡಿದರೆ ಅಲ್ಲಿನದು ಹೊಸ ತಂತ್ರಜ್ಞಾನ ಬಂದಾಗಿನ ಸಂಭ್ರಮ, ನನ್ನದು ಅದು ಹೋಗುವಾಗಿನ ಕಥೆ. 1999ರ ಫೆಬ್ರವರಿ 1ರಂದು ಉಪಗ್ರಹ ಆಧಾರಿತ ಹೊಸ ವ್ಯವಸ್ಥೆ ಪೂರ್ತಿ ಜಾರಿಗೆ ಬಂದು ಹಡಗುಗಳಿಗೆ ಮೋರ್ಸ್ ಬೇಡವಾಯಿತು. ಅದಕ್ಕೂ ಎರಡು ವರ್ಷ ಮೊದಲು, 1997ರ ಜನವರಿ 31ರಂದು ಫ್ರೆಂಚ್ ನೌಕಾಪಡೆ ಮೋರ್ಸ್ ನಿಲ್ಲಿಸುವಾಗ, ಶಾಶ್ವತ ಮೌನಕ್ಕೆ ಮುಂಚಿನ ನಮ್ಮ ಕೊನೆಯ ಕೂಗು ಇದು ಎಂಬ ಅರ್ಥದ ಸಂದೇಶ ಕಳಿಸಿತ್ತು. ಹೀಗೆ ನನ್ನ ಪ್ರೇಮಿಗಳಿಗೆ ಗಡುವು ತಾನಾಗಿ ಸಿಕ್ಕಿತು. ಹಡಗುಗಳಲ್ಲಿ ಮೋರ್ಸ್ ನಿಲ್ಲುವ ದಿನದೊಳಗೆ ಅವನು ಎರಡನೇ ಎಂಟನ್ನು ಒತ್ತಲೇಬೇಕು.

ಎರಡನೇ ಹೊಡೆತ ನಾನೇ ತಂದುಕೊಂಡದ್ದು. ಕರಡಿನಲ್ಲಿ ಅವನು ಒತ್ತದೆಯೇ ಗಡುವು ಮುಗಿಯುತ್ತಿತ್ತು. ದುಃಖಾಂತ್ಯ ಹೆಚ್ಚು ಗಂಭೀರ ಎಂಬ ಭ್ರಮೆ ನನಗಿತ್ತು. ಪ್ರೇಮ ಕಾದಂಬರಿ ಕೈಗೆತ್ತಿಕೊಳ್ಳುವವರಿಗೆ ನಾವು ಕೊಟ್ಟ ಮಾತೊಂದಿದೆ, ಕೊನೆಗೆ ಇಬ್ಬರೂ ಸೇರುತ್ತಾರೆ ಎಂದು. ಆ ಮಾತು ಮುರಿದರೆ ಓದುಗರು ಕ್ಷಮಿಸುವುದಿಲ್ಲ, ಕ್ಷಮಿಸಲೂಬಾರದು. ಕೊನೆಯ ಐದು ಅಧ್ಯಾಯ ಮತ್ತೆ ಬರೆದೆ. ಕೊನೆಯ ಮೂರು ನಿಮಿಷವನ್ನು ಪುಟದ ಮೇಲೆ ಹೇಗೆ ಇಟ್ಟೆ, ಓದುವವರು ಅಲ್ಲಿ ಯಾಕೆ ತಾವಾಗಿ ನಿಧಾನವಾಗುತ್ತಾರೆ ಎಂದು ಹಲವರು ಕೇಳಿದ್ದಾರೆ. ಅದನ್ನು ಸದ್ಯ ಹೇಳುವುದಿಲ್ಲ, ಮುಂದಿನ ಪುಸ್ತಕದಲ್ಲೂ ಬೇಕಾಗಬಹುದು. ವಿರಾಮಚಿಹ್ನೆಯಿಂದ ಮಾಡಿದ್ದಲ್ಲ ಎಂದಷ್ಟೇ ಹೇಳಬಲ್ಲೆ.

ಇಬ್ಬರು ಪ್ರಕಾಶಕರು ಬೇಡ ಎಂದರು. ಮೂರನೆಯವರು ಮುಂಗಡವಿಲ್ಲದೆ, ಹತ್ತು ಪರ್ಸೆಂಟ್ ರಾಯಲ್ಟಿಗೆ ಒಪ್ಪಿದರು. ಎರಡನೇ ಮುದ್ರಣದಿಂದ ಹನ್ನೆರಡೂವರೆ ಕೊಡಬೇಕು ಎಂದು ನಾನು ಬರೆಸಿಕೊಂಡೆ. ಅಷ್ಟು ಮುದ್ರಣ ಆಗುವುದಿಲ್ಲ ಎಂಬ ನಂಬಿಕೆಯಿಂದ ಅವರು ಸುಲಭವಾಗಿ ಸಹಿ ಹಾಕಿದರು. ಈಗ ಆ ಎರಡೂವರೆಯೇ ನನ್ನ ಬಾಡಿಗೆ ಕಟ್ಟುತ್ತಿದೆ. ಆಡಿಯೋ ಪುಸ್ತಕಕ್ಕೆ ಕೀಯ ಸದ್ದನ್ನು ಕಂಪ್ಯೂಟರಿನಿಂದ ಹಾಕಲು ಹೊರಟಿದ್ದರು, ಬಿಡಲಿಲ್ಲ. ನನ್ನ ಖರ್ಚಿನಲ್ಲೇ ಆ ಅಧಿಕಾರಿಯ ಕೈಯಿಂದ ಒತ್ತಿಸಿದೆ. ಕೇಳಿದವರಿಗೆ ವ್ಯತ್ಯಾಸ ಗೊತ್ತಾಗಿದೆ.

ಇದೇ ದಾರಿ ಬೇರೆ ಕೆಲಸಗಳಲ್ಲೂ ನಡೆಯುತ್ತದೆಯೇ ಎಂದು ಮಧ್ಯೆ ಪಿಯಾನೋ ಶ್ರುತಿ ಮಾಡುವವರ ಹತ್ತಿರ ಮೂರು ವಾರ ಕೂತಿದ್ದೆ. ಎರಡು ತಂತಿ, ಒಂದು 440 ಹರ್ಟ್ಸ್, ಇನ್ನೊಂದು 442 ಇದ್ದರೆ ಸೆಕೆಂಡಿಗೆ ಎರಡು ಸಲ ಸದ್ದು ಏರಿಳಿಯುತ್ತದೆ. ಹತ್ತಿರ ತಂದಂತೆ ಆ ಅಲೆ ನಿಧಾನವಾಗಿ ಕೊನೆಗೆ ನಿಂತುಹೋಗುತ್ತದೆ. ನಲವತ್ತು ಪುಟ ಬರೆದೆ. ಸೊಗಸಾಗಿತ್ತು, ಕಥೆ ಇರಲಿಲ್ಲ. ಕೂಡಿದರೆ ಕೂಡಿದವು, ಅಡ್ಡಿಯೇ ಇಲ್ಲ. ಪೆಟ್ಟಿಗೆಗೆ ಹಾಕಿದೆ.

ಕಳೆದ ತಿಂಗಳು ಅವರ ಹತ್ತಿರ ಮತ್ತೆ ಹೋದಾಗ ಹಿಂದೆ ಕೇಳದೇ ಹೋದದ್ದೊಂದನ್ನು ಕೇಳಿದೆ: ಎಲ್ಲ ಸ್ವರವನ್ನೂ ಯಾಕೆ ಪೂರ್ತಿ ಕೂಡಿಸುವುದಿಲ್ಲ? ಆಗುವುದೇ ಇಲ್ಲವಂತೆ. ಸ-ಪ ಅಂತರವನ್ನು ಶುದ್ಧವಾಗಿಟ್ಟುಕೊಂಡು ಹನ್ನೆರಡು ಸಲ ಏರಿದರೆ, ಏಳು ಸಪ್ತಕ ಮುಗಿಸಿ ಮೊದಲ ಸ್ವರಕ್ಕೆ ಸೇರಬೇಕಾದದ್ದು ಸ್ವಲ್ಪ ಮೇಲೆ ಹೋಗಿಬಿಡುತ್ತದೆ. ಹಾಗಾಗಿ ಪ್ರತಿ ಜೋಡಿಯನ್ನೂ ಬೇಕೆಂದೇ ಒಂದು ಕೂದಲಷ್ಟು ಕಮ್ಮಿ ಇಡಬೇಕು, ಆಗಲೇ ಇಡೀ ವಾದ್ಯ ಕೂಡುತ್ತದೆ. ಬಿಟ್ಟ ಆ ಕೂದಲೆಳೆಯನ್ನು ಅವರು ನನಗೆ ಕೀಲಿ ತಿರುಗಿಸಿ ಕೇಳಿಸಿದರು, ಬಹಳ ನಿಧಾನದ ಅಲೆ. ಆ ನಲವತ್ತು ಪುಟ ಪೆಟ್ಟಿಗೆಯಿಂದ ತೆಗೆದಿದ್ದೇನೆ. ಮೂವತ್ತು ಹರಿದೆ, ಹತ್ತು ಉಳಿದಿವೆ, ಈ ವಾರ ಹೊಸದಾಗಿ ಹನ್ನೊಂದು ಸೇರಿವೆ.